ಈಡೇಲ್‌ನ ಕಾಲುದಾರಿಗಳಲ್ಲಿ ನಾಲ್ಕು ದಿನ

ಮೊದಲನೇ ದಿನ, ಶನಿವಾರ

ಮ್ಯಾಂಚೆಸ್ಟರ್ ಪಿಕಡಿಲಿ ಸ್ಟೇಷನ್ನಿನಲ್ಲಿ ಟ್ರೇನ್ ಹತ್ತುವಾಗ ನನ್ನ ಬ್ಯಾಗಿನಲ್ಲಿ ಮೂವತ್ತು ಖಡಕ್ ರೊಟ್ಟಿ ಇದ್ದವು. ಜೊತೆಗೆ ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಬೆಲ್ಲ. "ಅಕ್ಕಾ, ಅಲ್ಲೆ ಊಟ ಸಿಗತೈತಿ" ಅಂತ ತಮ್ಮ ಎರಡು ಸಲ ಹೇಳಿದ. ನಾನು ಕೇಳಲಿಲ್ಲ. ಗುಡ್ಡ ಹತ್ತುವವರಿಗೆ ಖಡಕ್ ರೊಟ್ಟಿಯಂಥ ಬುತ್ತಿ ಬೇರೆ ಯಾವುದಿದೆ? ಹಗುರ, ಕೆಡುವುದಿಲ್ಲ, ಹೊಟ್ಟೆ ತುಂಬುತ್ತದೆ.

ತಮ್ಮ ಮ್ಯಾಂಚೆಸ್ಟರಿಗೆ ಬಂದು ಎಂಟು ವರ್ಷ ಆಯಿತು. ವಾರದ ರಜೆ ಸಿಕ್ಕರೆ ಸಾಕು, ಮ್ಯಾಪ್ ಹಿಡಿದು ಹೊರಡುತ್ತಾನೆ. ಫೋನಿನಲ್ಲಿ ಯಾವಾಗಲೂ ಈಡೇಲ್ ಕಣಿವೆ, ಕಿಂಡರ್ ಬೆಟ್ಟ ಅಂತ ಅದೇ ಮಾತು. ನಾನು ಜೂನ್ ಮೊದಲ ವಾರ ಬಂದಾಗ ಲಂಡನ್ ಬೇಡ, ನಿನ್ನ ಈಡೇಲ್ ತೋರಿಸು ಅಂದೆ. ಅವನಿಗೆ ಎಷ್ಟು ಖುಷಿ ಆಯಿತು ಅಂತ ಹೇಳಲಾರೆ.

ಮುಕ್ಕಾಲು ಗಂಟೆಯ ಪ್ರಯಾಣ. ಊರು ಮುಗಿದು ಹೊಲ ಶುರುವಾಗುತ್ತದೆ. ಆಮೇಲೆ ಮೂರು ಕಿಲೋಮೀಟರಿಗಿಂತ ಜಾಸ್ತಿ ಉದ್ದದ ಕೌಬರ್ನ್ ಸುರಂಗ. 1894ರಲ್ಲಿ ತೆರೆದ ಮಾರ್ಗ ಇದು. ಕತ್ತಲು ಮುಗಿದ ಕೂಡಲೇ ಬಟ್ಟಲಿನಂಥ ಹಸಿರು ಕಣಿವೆ ಕಣ್ಣಿಗೆ ಬೀಳುತ್ತದೆ. ಸುತ್ತ ಗುಡ್ಡದ ಸಾಲು. ಕೆಳಗೆ ತಿಳಿ ಹಸಿರು, ಮೇಲೆ ಹೋದಂತೆ ಕಂದು. ಆ ಕಂದು ಬಣ್ಣದ್ದೇ ಮೂರ್. ಮರವಿಲ್ಲದ, ಗಾಳಿ ಬೀಸುವ, ನೀರು ಕುಡಿದು ಮೆತ್ತಗಾದ ಬಯಲು.

ಈಡೇಲ್ ಅಂದರೆ ಒಂದೇ ಊರಲ್ಲ. ಅಪ್ಪರ್ ಬೂತ್, ಬಾರ್ಬರ್ ಬೂತ್, ಗ್ರೈಂಡ್ಸ್‌ಬ್ರೂಕ್ ಬೂತ್, ಆಲರ್‌ಬ್ರೂಕ್ ಬೂತ್, ನೆದರ್ ಬೂತ್ ಅಂತ ಐದು ಕೇರಿಗಳು ಕಣಿವೆಯ ಉದ್ದಕ್ಕೂ ಚದುರಿವೆ. ಬೂತ್ ಅಂದರೆ ಹಿಂದೆ ದನ ಕಾಯುವವರು ಹಾಕಿಕೊಳ್ಳುತ್ತಿದ್ದ ಗುಡಿಸಲು. ನಮ್ಮ ಕಲಘಟಗಿ ಕಡೆಯ ಗೌಳಿ ದಡ್ಡಿಗಳು ನೆನಪಾದವು. ಅಲ್ಲೂ ದಡ್ಡಿ ಅನ್ನುವುದು ಊರಿನ ಹೆಸರಿಗೇ ಅಂಟಿಕೊಂಡಿದೆ ಅಲ್ವಾ?

ರೂಮಿನಲ್ಲಿ ಬ್ಯಾಗ್ ಇಟ್ಟು ಸಂಜೆ ಅಪ್ಪರ್ ಬೂತ್ ತನಕ ಸುಮ್ನೆ ನಡೆದು ಬಂದೆವು. ಓಲ್ಡ್ ನ್ಯಾಗ್ಸ್ ಹೆಡ್ ಅನ್ನುವ ಹಳೆಯ ಪಬ್ಬಿನ ಎದುರಿಂದ ಪೆನೈನ್ ವೇ ಶುರುವಾಗುತ್ತದೆ. 431 ಕಿಲೋಮೀಟರ್ ಉದ್ದದ ಕಾಲುದಾರಿ. ಸ್ಕಾಟ್ಲೆಂಡಿನ ಕರ್ಕ್ ಯೆಥಮ್ ಊರಲ್ಲಿ ಮುಗಿಯುತ್ತದೆ. ಅದರಲ್ಲಿ ನಮ್ಮ ಪಾಲಿಗೆ ಇವತ್ತು ಎರಡೂವರೆ ಕಿಲೋಮೀಟರ್.

ದಾರಿ ಸೀದಾ ಹೊಲದೊಳಗೆ ನುಗ್ಗಿತು. ಕುರಿ, ಮರಿ, ಗಾರೆ ಇಲ್ಲದೆ ಬರೀ ಕಲ್ಲು ಪೇರಿಸಿದ ಗೋಡೆಗಳು. ಜನ ಮಾತ್ರ ದಾಟುವಂಥದ್ದಕ್ಕೆ ಮಲೆನಾಡಿನವರು ತಡಬೆ ಅನ್ನುತ್ತಾರಲ್ಲ, ಅಂಥದ್ದು ಒಂದೊಂದು ಗೋಡೆಗೂ ಇದೆ. ಹಳದಿ ಬಾಣ ಇದ್ದರೆ ನಡೆಯುವವರ ದಾರಿ, ನೀಲಿ ಬಾಣ ಇದ್ದರೆ ಕುದುರೆ, ಸೈಕಲ್ಲಿಗೂ ಸೇರಿ. ಒಂದು ಕಡೆ ದಾರಿ ಯಾರದೋ ಮನೆಯ ಅಂಗಳಕ್ಕೇ ಹೋಯಿತು. ನಾನು ನಿಂತುಬಿಟ್ಟೆ.

"ಇದು ಯಾರದೋ ಮನಿ ಅಂಗಳಲೋ."

"ಹೌದು. ಆದ್ರ ದಾರಿ ಎಲ್ಲಾರದು. ಅವರಿಗೆ ಬಂದ್ ಮಾಡಾಕ ಬರಂಗಿಲ್ಲ. ನಾವು ದಾರಿ ಬಿಟ್ಟು ಬೆಳಿ ತುಳಿಬಾರದು, ಗೇಟ್ ಹೆಂಗಿತ್ತೋ ಹಂಗ ಬಿಡಬೇಕು. ಅಷ್ಟ."

ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ನಮ್ಮನ್ನು ನೋಡಿ ಕೈ ಎತ್ತಿದಳು. ನಾನೂ ಎತ್ತಿದೆ. ಒಂಬತ್ತೂವರೆಯಾದರೂ ಬೆಳಕು ಹೋಗಿರಲಿಲ್ಲ.

ಎರಡನೇ ದಿನ, ಭಾನುವಾರ

ಇವತ್ತು ಕಿಂಡರ್ ಸ್ಕೌಟ್. 636 ಮೀಟರ್ ಎತ್ತರ, ಪೀಕ್ ಡಿಸ್ಟ್ರಿಕ್ಟ್ ಅನ್ನುವ ಈ ಗುಡ್ಡಗಾಡು ಸೀಮೆಗೆಲ್ಲ ಇದೇ ದೊಡ್ಡದು. ಹೆಸರು ಕೇಳಿ ಚೂಪು ಶಿಖರ ಅಂದುಕೊಂಡಿದ್ದೆ. ಇದು ತಲೆ ಚಪ್ಪಟೆಯಾದ ದೊಡ್ಡ ಮೇಜು. ಮೇಜಿನ ಅಂಚು ಪೂರ್ತಿ ಮರಳುಗಲ್ಲಿನ ಬಂಡೆ, ನಡುವೆ ಕಪ್ಪು ಪೀಟ್ ಮಣ್ಣು.

ಅಪ್ಪರ್ ಬೂತ್ ದಾಟಿದ ಮೇಲೆ ಹಳ್ಳಕ್ಕೆ ಅಡ್ಡವಾಗಿ ಸಣ್ಣ ಕಮಾನು ಸೇತುವೆ. ಹೇರು ಹೊತ್ತ ಕುದುರೆಗಳಿಗಾಗಿ ಕಟ್ಟಿದ್ದು. ಅದರಾಚೆ ಜೇಕಬ್ಸ್ ಲ್ಯಾಡರ್ ಅನ್ನುವ ಕಲ್ಲಿನ ಮೆಟ್ಟಿಲು ದಾರಿ. 18ನೇ ಶತಮಾನದಲ್ಲಿ ಜೇಕಬ್ ಮಾರ್ಷಲ್ ಅನ್ನುವ ರೈತ ಇಲ್ಲಿ ಇದ್ದ. ಹೇರಿನ ಕುದುರೆಗಳು ಸುತ್ತು ಹಾಕಿ ಬರುವಾಗ ಜನ ನೇರವಾಗಿ ಹತ್ತಲಿ ಅಂತ ಗುಡ್ಡಕ್ಕೆ ಮೆಟ್ಟಿಲು ಕಡಿದ. ಹೆಸರು ಅವನದೇ ಉಳಿಯಿತು. ಹತ್ತುವಾಗ ನಾಲ್ಕು ಸಲ ನಿಂತೆ. ನಿಂತಾಗಲೆಲ್ಲ ಹಿಂದೆ ತಿರುಗಿ ನೋಡಿದರೆ ಕಣಿವೆ ಇನ್ನಷ್ಟು ಅಗಲವಾಗಿತ್ತು.

ಮೇಲೆ ಹೋದಾಗ ಮೊದಲು ಕೇಳಿದ್ದು ಕರ್ಲ್ಯೂ ಹಕ್ಕಿಯ ಕೂಗು. ಉದ್ದನೆಯ ಬಾಗಿದ ಕೊಕ್ಕಿನ ಹಕ್ಕಿ. ಮೆಲ್ಲಗೆ ಶುರುವಾಗಿ, ಏರಿ ಏರಿ, ಕೊನೆಗೆ ಗುಳುಗುಳು ಅಂತ ನೀರು ಕುದಿದ ಹಾಗೆ. ನಾವು ಇಬ್ಬರೂ ಮಾತು ನಿಲ್ಲಿಸಿ ಕೇಳಿದೆವು.

ಕಿಂಡರ್ ಲೋ ದಾಟಿ ಪಶ್ಚಿಮದ ಅಂಚಿನಲ್ಲಿ ನಡೆದರೆ ಕಿಂಡರ್ ಡೌನ್‌ಫಾಲ್. ಸುಮಾರು 30 ಮೀಟರ್ ಜಲಪಾತ. ಜೋಗ ನೋಡಿದ ಕಣ್ಣಿಗೆ ಇದು ಸಣ್ಣದೇ. ಆದರೆ ಪಶ್ಚಿಮದ ಗಾಳಿ ಜೋರಾಗಿದ್ದರೆ ಬೀಳುವ ನೀರನ್ನು ಗಾಳಿ ಹಿಡಿದು ಮತ್ತೆ ಮೇಲಕ್ಕೆ ಎಸೆಯುತ್ತದೆ. ನಮಗೆ ಆ ಗಾಳಿ ಸಿಕ್ಕಿತು. ಶುಕ್ರವಾರ ಮಳೆಯೂ ಆಗಿತ್ತು. ನೀರು ಬಂಡೆಯ ತುದಿ ತನಕ ಬಂದು, ಬೀಳುವ ಬದಲು ಹೊಗೆಯ ಹಾಗೆ ಎದ್ದು ನಮ್ಮ ಮುಖಕ್ಕೇ ಬಡಿಯಿತು. ಕನ್ನಡಕ ಒರೆಸಿ ಒರೆಸಿ ನೋಡಿದೆ. ಅಲ್ಲೇ ಬಂಡೆಯ ಮರೆಯಲ್ಲಿ ಕೂತು ರೊಟ್ಟಿ ಮುರಿದೆವು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಗಂಡ ಹೆಂಡತಿಗೂ ಒಂದೊಂದು ಕೊಟ್ಟೆ. ಚಟ್ನಿಪುಡಿ ಖಾರ ಅಂತ ಹೇಳಿಯೇ ಕೊಟ್ಟೆ. ಎರಡನೇ ಸಲ ಅವರೇ ಕೈ ಚಾಚಿದರು.

ವಾಪಸ್ ಬರುವಾಗ ದಾರಿ ಬದಿಗೆ ಒಂದು ಬಯಲು. ಪೂರ್ತಿ ಬೆಳ್ಳಗೆ. ದೂರದಿಂದ ನೋಡಿದರೆ ನವಲಗುಂದದ ಎರೆಹೊಲದಲ್ಲಿ ಹತ್ತಿ ಅರಳಿದ ಹಾಗೆಯೇ! ಎದೆ ಝಲ್ ಅಂತು. "ಕಾಟನ್ ಗ್ರಾಸ್ ಅದು" ಅಂತ ತಮ್ಮ ಹೇಳುವುದರೊಳಗೆ ನಾನು ದಾರಿ ಬಿಟ್ಟು ಇಳಿದಿದ್ದೆ. ನಾಲ್ಕು ಹೆಜ್ಜೆ ಇಟ್ಟಿರಬೇಕು. ಬಲಗಾಲು ಮೊಣಕಾಲು ತನಕ ಒಳಗೆ ಹೋಯಿತು. ಎಳೆದರೆ ಬರುವುದಿಲ್ಲ. ತಮ್ಮ ಹಿಂದಿನಿಂದ ಎರಡೂ ಕೈ ಹಿಡಿದು ಜಗ್ಗಿದ. ಪಚಕ್ ಅಂತ ಕಾಲು ಬಂತು. ಪುಣ್ಯಕ್ಕೆ ಶೂ ಕೂಡ ಬಂತು.

ಎರೆಮಣ್ಣಿನಲ್ಲಿ ಆಡಿ ಬೆಳೆದವಳು ನಾನು. ಮಳೆಗಾಲದಲ್ಲಿ ಹೊಲಕ್ಕೆ ಹೋದರೆ ಒಂದೊಂದು ಕಾಲಿಗೆ ಎರಡೆರಡು ಕಿಲೋ ಮಣ್ಣು ಹತ್ತುತ್ತಿತ್ತು. ಇದೂ ಅಷ್ಟೇ ಕಪ್ಪು. ಆದರೆ ಬೆರಳಲ್ಲಿ ತಿಕ್ಕಿದರೆ ಬೇರೆ. ಎರೆಮಣ್ಣು ಬೆಣ್ಣೆಯ ಹಾಗೆ ಜಾರುತ್ತದೆ. ಪೀಟ್‌ನಲ್ಲಿ ನಾರು ಸಿಗುತ್ತದೆ. ಸಾವಿರಾರು ವರ್ಷದಿಂದ ಪಾಚಿ, ಹುಲ್ಲು ಸತ್ತು, ನೀರಿನಲ್ಲಿ ಕೊಳೆಯದೆ ಕೂತು ಆದ ಮಣ್ಣು. ವರ್ಷಕ್ಕೆ ಹೆಚ್ಚೂಕಡಿಮೆ ಒಂದು ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ನನ್ನ ಕಾಲು ಇಳಿದಷ್ಟು ಆಳ ಕೂಡಲು ಎಷ್ಟು ಶತಮಾನ ಬೇಕಾಯಿತು, ಲೆಕ್ಕ ಹಾಕಿ.

ಕೈಗೆ ಸಿಕ್ಕ ಒಂದು ಕಡ್ಡಿಯನ್ನು ದಾರಿಯಲ್ಲಿ ಕೂತು ನೋಡಿದೆ. ಒಂದು ಕಡ್ಡಿಗೆ ಮೂರು ನಾಲ್ಕು ಗೊಂಡೆ, ರೇಷ್ಮೆಯ ಹಾಗೆ ನುಣುಪು. ಸುಮ್ನೆ ಕೂರಲು ಆಗಲಿಲ್ಲ. ಅರಳೆ ಬಿಡಿಸಿ, ತೊಡೆಯ ಮೇಲೆ ಇಟ್ಟು, ದೀಪದ ಬತ್ತಿ ಹೊಸೆಯುವ ಹಾಗೆ ಹೊಸೆದೆ. ಎಳೆ ಬಹಳ ಗಿಡ್ಡ. ಒಂದು ಇಂಚು ಬಂದು ತುಂಡಾಯಿತು. ಮತ್ತೆ ಹೊಸೆದೆ, ಮತ್ತೆ ತುಂಡಾಯಿತು. ನೂಲು ತೆಗೆಯಲು ಇದು ಆಗಿಬರುವುದಿಲ್ಲ. ಹಿಂದೆ ಇಲ್ಲಿಯ ಜನ ಇದನ್ನು ಮೇಣದ ಬತ್ತಿಯೊಳಗೆ ಹಾಕುತ್ತಿದ್ದರಂತೆ, ದಿಂಬಿಗೂ ತುಂಬುತ್ತಿದ್ದರಂತೆ. ಆ ಒಂದಿಂಚಿನ ಬತ್ತಿಯನ್ನು ಮ್ಯಾಪಿನ ಮಡಿಕೆಯಲ್ಲಿ ಇಟ್ಟುಕೊಂಡೆ.

ದಕ್ಷಿಣದ ಅಂಚು ಹಿಡಿದು ಬಂದರೆ ವುಲ್‌ಪ್ಯಾಕ್ಸ್. ಉಣ್ಣೆ ಮೂಟೆಗಳ ಹಾಗಿವೆ ಅಂತ ಆ ಬಂಡೆಗಳಿಗೆ ಹೆಸರು. ನನಗೆ ಕಂಡಿದ್ದು ಹತ್ತಿ ಅಂಡಿಗೆ. ಎಪಿಎಂಸಿ ಅಂಗಳದಲ್ಲಿ ಒಂದರ ಪಕ್ಕ ಒಂದು ಒರಗಿಸಿದ ಅಂಡಿಗೆಗಳು ಕಲ್ಲಾದ ಹಾಗೆ.

ಈ ಅಂಚಿನಲ್ಲಿ ತಮ್ಮ ಒಂದು ವಿಷಯ ತೋರಿಸಿದ. ಪೀಟ್‌ನಲ್ಲಿ ಮಳೆನೀರು ಕೊರೆದ ಕೊರಕಲುಗಳಿಗೆ ಅಲ್ಲಲ್ಲಿ ಕಲ್ಲಿನ ಸಣ್ಣ ಒಡ್ಡು ಹಾಕಿದ್ದಾರೆ. ಒಡ್ಡಿನ ಹಿಂದೆ ನೀರು ನಿಂತು, ನೀರಿನಲ್ಲಿ ಹಸಿರು ಪಾಚಿ ತೇಲುತ್ತಿದೆ. ಸ್ಫ್ಯಾಗ್ನಮ್ ಪಾಚಿ, ತನ್ನ ಒಣ ತೂಕದ ಇಪ್ಪತ್ತು ಪಟ್ಟು ತನಕ ನೀರು ಹಿಡಿಯುತ್ತದೆ. ಈ ಬೆಟ್ಟದ ಒಂದು ಬದಿ ಮ್ಯಾಂಚೆಸ್ಟರ್, ಇನ್ನೊಂದು ಬದಿ ಶೆಫೀಲ್ಡ್. ನೂರಾರು ವರ್ಷ ಅಲ್ಲಿಯ ಚಿಮಣಿಗಳ ಹೊಗೆ ಆಮ್ಲವಾಗಿ ಇಲ್ಲಿ ಬಿದ್ದು ಪಾಚಿಯನ್ನು ಕೊಂದಿತು. ಪಾಚಿ ಹೋದ ಮೇಲೆ ಮಣ್ಣು ಬತ್ತಲಾಗಿ ಕೊಚ್ಚಿ ಹೋಯಿತು. ಬೆಂಕಿಯೂ ಕುರಿಯೂ ಉಳಿದದ್ದನ್ನು ಮುಗಿಸಿದವು. 2003ರಿಂದ ಮೂರ್ಸ್ ಫಾರ್ ದ ಫ್ಯೂಚರ್ ಅನ್ನುವ ಒಕ್ಕೂಟ ಮತ್ತೆ ಪಾಚಿ ನೆಡುತ್ತಿದೆ, ಸುಣ್ಣ ಹಾಕುತ್ತಿದೆ, ಕೊರಕಲು ಕಟ್ಟುತ್ತಿದೆ. ನಮ್ಮೂರಲ್ಲಿ ಹೊಲಕ್ಕೆ ಒಡ್ಡು ಹಾಕಿಸಲು ಅಪ್ಪ ಪಟ್ಟ ಕಷ್ಟ ನೋಡಿದ್ದೇನೆ. ಬೆಟ್ಟಕ್ಕೆ ಒಡ್ಡು ಹಾಕುವವರ ಮೇಲೆ ನನಗೆ ಬಹಳ ಗೌರವ ಬಂತು.

ಸುಮಾರು ಹದಿನೆಂಟು ಕಿಲೋಮೀಟರ್ ಆಯಿತು. ರಾತ್ರಿ ಬಿಸಿನೀರಿನಲ್ಲಿ ಕಾಲು ಇಟ್ಟಾಗ ನೀರು ಚಹಾದ ಬಣ್ಣಕ್ಕೆ ತಿರುಗಿತು.

ಮೂರನೇ ದಿನ, ಸೋಮವಾರ

ಬೆಳಿಗ್ಗೆ ಏಳಕ್ಕೆ ಅವ್ವನಿಗೆ ವಿಡಿಯೋ ಕಾಲ್ ಮಾಡಿ ನಿನ್ನೆಯ ಫೋಟೋ ತೋರಿಸಿದೆ. ಊರಲ್ಲಿ ಆಗ ಹನ್ನೊಂದೂವರೆ. ಅವ್ವ ಕಣ್ಣು ಕಿರಿದು ಮಾಡಿ ನೋಡಿ, "ಇಷ್ಟು ಹತ್ತಿ ಒಡದೈತಿ, ಬಿಡಸಾಕ ಆಳು ಸಿಕ್ಕಿಲ್ಲೇನು?" ಅಂದಳು. ಅದು ಹತ್ತಿಯಲ್ಲ ಅಂತ ತಮ್ಮ ಎಷ್ಟು ಹೇಳಿದರೂ, "ಮತ್ತ ಯಾರ ಹೊಲ ಅದು?" ಅಂತ ಕೇಳಿದಳು.

ಆ ಪ್ರಶ್ನೆಗೆ ಉತ್ತರ ಇದ್ದದ್ದು ಇವತ್ತಿನ ದಾರಿಯಲ್ಲಿ.

ಟ್ರೇನಿನಲ್ಲಿ ಸುರಂಗ ದಾಟಿ ನ್ಯೂ ಮಿಲ್ಸ್‌ಗೆ ಹೋದೆವು. ಅಲ್ಲಿಂದ ಹೇಫೀಲ್ಡ್ ಊರಿಗೆ ನಾಲ್ಕು ಕಿಲೋಮೀಟರ್ ಸೆಟ್ ವ್ಯಾಲಿ ಟ್ರೇಲ್. ಇದು 1970ರಲ್ಲಿ ಮುಚ್ಚಿದ ರೈಲು ಹಳಿಯ ಜಾಗ. ಸಪಾಟು ದಾರಿ, ಎರಡೂ ಕಡೆ ಮರ. ನಿನ್ನೆ ನೊಂದ ಕಾಲಿಗೆ ಒಳ್ಳೆಯದಾಯಿತು. ಹೇಫೀಲ್ಡ್ ದಾಟಿದರೆ ಬೌಡನ್ ಬ್ರಿಜ್ ಹತ್ತಿರ ಹಳೆಯ ಕಲ್ಲು ಗಣಿ, ಈಗ ಕಾರ್ ನಿಲ್ಲಿಸುವ ಜಾಗ. ಬಂಡೆಗೆ ಒಂದು ಕಂಚಿನ ಫಲಕ.

1932ರ ಏಪ್ರಿಲ್ 24, ಭಾನುವಾರ. ಸುಮಾರು ನಾನೂರು ಜನ ಈ ಗಣಿಯಲ್ಲಿ ಸೇರಿದರು. ಹೆಚ್ಚಿನವರು ಮ್ಯಾಂಚೆಸ್ಟರಿನ ಕೂಲಿಕಾರ ಹುಡುಗ ಹುಡುಗಿಯರು. ವಾರವೆಲ್ಲ ಮಿಲ್ಲು, ವರ್ಕ್‌ಶಾಪು, ಹೊಗೆ. ಭಾನುವಾರ ಗಾಳಿ ಕುಡಿಯಲು ಬೆಟ್ಟಕ್ಕೆ ಬಂದರೆ ಬೆಟ್ಟಕ್ಕೆ ಬೀಗ. ಮೂರ್ ಎಲ್ಲ ದೊಡ್ಡ ಜಮೀನ್ದಾರರದ್ದು. ಗ್ರೌಸ್ ಹಕ್ಕಿ ಬೇಟೆಗಾಗಿ ಕಾವಲುಗಾರರನ್ನು ಇಟ್ಟು ಜನರನ್ನು ಓಡಿಸುತ್ತಿದ್ದರು. ವರ್ಷಕ್ಕೆ ಕೆಲವೇ ದಿನದ ಬೇಟೆ! ಅವತ್ತು ಗಣಿಯಲ್ಲಿ ಬಂಡೆ ಹತ್ತಿ ಮಾತಾಡಿದವನು ಬೆನ್ನಿ ರಾತ್‌ಮನ್. ಅವನಿಗೆ ಆಗ ಇಪ್ಪತ್ತು ವರ್ಷ.

ಅವರು ಹೋದ ದಾರಿಯಲ್ಲೇ ನಾವೂ ಹೊರಟೆವು. ಕಿಂಡರ್ ಜಲಾಶಯದ ಪಕ್ಕದಲ್ಲಿ ಏರಿ, ವಿಲಿಯಂ ಕ್ಲಫ್ ಅನ್ನುವ ಕಿರಿದಾದ ಕಣಿವೆ. ನಮ್ಮ ಕಡೆಯಾಗಿದ್ದರೆ ಹಳ್ಳ ಅನ್ನುತ್ತಿದ್ದೆವು. ನೀರನ್ನು ಹತ್ತು ಹನ್ನೆರಡು ಸಲ ಆಚೆ ಈಚೆ ದಾಟಬೇಕು. ಈ ಹಳ್ಳದ ದಾರಿಗೂ ಒಂದು ಕಥೆ ಇದೆ. 1894ರಲ್ಲಿ ಹುಟ್ಟಿದ ಕಾಲುದಾರಿ ಸಂಘವೊಂದು ಹೋರಾಡಿ 1897ರಲ್ಲಿ ಈ ಒಂದು ದಾರಿಯನ್ನು ಜನರಿಗೆ ಬಿಡಿಸಿಕೊಟ್ಟಿತ್ತು. ಪೀಕ್ ಅಂಡ್ ನಾರ್ದರ್ನ್ ಫುಟ್‌ಪಾತ್ಸ್ ಸೊಸೈಟಿ ಅಂತ, ಅದರ ಹಸಿರು ಬೋರ್ಡುಗಳು ಇವತ್ತಿಗೂ ದಾರಿಯಲ್ಲಿ ನಿಂತಿವೆ. ಆದರೆ ಬಿಟ್ಟಿದ್ದು ದಾರಿ ಮಾತ್ರ. ದಾರಿಯಿಂದ ಪಕ್ಕಕ್ಕೆ ಕಾಲಿಟ್ಟರೆ ಅತಿಕ್ರಮ. ಅವತ್ತು ಆ ನಾನೂರು ಜನ ಪಕ್ಕಕ್ಕೆ ಕಾಲಿಟ್ಟರು. ಬಲಗಡೆಯ ಕಡಿದಾದ ಇಳಿಜಾರನ್ನು ಸಾಲಾಗಿ ಹತ್ತಿದರು. ಕಾವಲುಗಾರರ ಜೊತೆ ನೂಕಾಟವಾಯಿತು. ಮೇಲೆ ಈಡೇಲ್ ಕಡೆಯಿಂದ ಹತ್ತಿ ಬಂದ ಶೆಫೀಲ್ಡಿನ ಗುಂಪು ಸಿಕ್ಕಿತು. ವಾಪಸ್ ಹೇಫೀಲ್ಡಿಗೆ ಇಳಿದಾಗ ಪೊಲೀಸರು ಕಾಯುತ್ತಿದ್ದರು. ಐವರಿಗೆ ಎರಡರಿಂದ ಆರು ತಿಂಗಳು ಜೈಲಾಯಿತು. ಬೆನ್ನಿ ರಾತ್‌ಮನ್‌ಗೆ ನಾಲ್ಕು ತಿಂಗಳು.

ಆ ಇಳಿಜಾರಿನ ಕೆಳಗೆ ನಿಂತು ತಲೆ ಎತ್ತಿ ನೋಡಿದೆ. ಇವತ್ತು ಅಲ್ಲಿ ಯಾರೂ ತಡೆಯುವವರಿಲ್ಲ. ಆ ಜೈಲಿನ ಸುದ್ದಿಯಿಂದ ಊರೂರಲ್ಲಿ ಮಾತು ಎದ್ದಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1965ರಲ್ಲಿ ಪೆನೈನ್ ವೇ ತೆರೆಯಿತು. 1982ರಲ್ಲಿ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ ಕಿಂಡರನ್ನು ಕೊಂಡಿತು. 2000ದ ಕಾನೂನಿನ ಮೇಲೆ ಇಂಥ ಮೂರ್‌ಗಳಲ್ಲಿ ದಾರಿ ಬಿಟ್ಟು ನಡೆಯುವುದೂ ಹಕ್ಕಾಯಿತು. 2002ರಲ್ಲಿ, ಅಂದು ಬೆಟ್ಟ ಯಾರದಾಗಿತ್ತೋ ಆ ಡೆವನ್‌ಶೈರ್ ಡ್ಯೂಕ್ ಮನೆತನದ ಮೊಮ್ಮಗ ಎಲ್ಲರ ಎದುರು ಕ್ಷಮೆ ಕೇಳಿದ. ಬೆನ್ನಿ ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದ. ಕೆಲವೇ ತಿಂಗಳು. ಆ ಮಾತು ಅವನ ಕಿವಿಗೆ ಬೀಳಬೇಕಿತ್ತು ಅಂತ ನನಗೆ ಬಹಳ ಅನ್ನಿಸಿತು.

ಹಳ್ಳದ ತಲೆಯಲ್ಲಿ ಆಶಪ್ ಹೆಡ್, ಅಲ್ಲಿಂದ ಮಿಲ್ ಹಿಲ್. ಮಿಲ್ ಹಿಲ್ ದಾಟಿದ ಮೇಲೆ ಪೆನೈನ್ ವೇ ಕಲ್ಲಿನ ಹಾಸುಗಳ ಮೇಲೆ ಹೋಗುತ್ತದೆ. ಪೀಟ್‌ನಲ್ಲಿ ಕಾಲು ಹೂಳಬಾರದು, ತುಳಿದು ತುಳಿದು ದಾರಿ ಅಗಲವಾಗಿ ಮಣ್ಣು ಹಾಳಾಗಬಾರದು ಅಂತ ಹಾಸಿದ್ದು. ಈ ಬೆಟ್ಟಸಾಲಿನ ದಾರಿಗಳಿಗೆ ಮುಚ್ಚಿದ ಹತ್ತಿ ಮಿಲ್ಲುಗಳ ನೆಲದ ಕಲ್ಲು ತಂದು, ಹೆಲಿಕಾಪ್ಟರಿನಲ್ಲಿ ಇಳಿಸಿದ್ದಾರೆ. ಕೆಲವು ಕಲ್ಲಿನಲ್ಲಿ ಮಷೀನ್ ಕೂರಿಸಲು ಕೊರೆದ ತೂತು ಹಾಗೇ ಇರುತ್ತದೆ ಅಂತ ತಮ್ಮ ಹೇಳಿದ. ನಾನು ಒಂದೊಂದೇ ಕಲ್ಲು ನೋಡುತ್ತ ಹೋದೆ. ಸಿಕ್ಕಿತು. ದುಂಡಗೆ, ಹೆಬ್ಬೆರಳು ಹೋಗುವಷ್ಟು. ಒಳಗೆ ಮಳೆನೀರು, ನೀರಿನ ಮೇಲೆ ಬಿಳಿ ಎಳೆಯೊಂದು ಗಾಳಿಗೆ ಹಾರಿ ಬಂದು ಕೂತಿತ್ತು. ಎರಡೂ ಕಡೆ ಕಾಟನ್ ಗ್ರಾಸ್ ತಲೆದೂಗುತ್ತಿತ್ತು.

ಅಲ್ಲೇ ಕಲ್ಲಿನ ಮೇಲೆ ಕೂತೆ. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಲ್ಲಿಯ ಮಿಲ್ಲುಗಳಿಗೆ ಹತ್ತಿ ನಿಂತುಹೋಯಿತು. ಮಿಲ್ಲು ಮುಚ್ಚಿ ಕೆಲಸದವರು ಉಪವಾಸ ಬಿದ್ದರು. ಮಾಲೀಕರ ಕಣ್ಣು ಧಾರವಾಡದ ಎರೆಹೊಲದ ಮೇಲೆ ಬಿತ್ತು. ಅದಕ್ಕೆ ಮೊದಲೇ, 1840ರ ದಶಕದಲ್ಲಿ, ಅಮೆರಿಕದ ಹತ್ತಿ ಬೀಜ ತಂದು ನಮ್ಮ ಕಡೆ ಬಿತ್ತಿಸಿದ್ದರು. ಧಾರವಾಡ್ ಅಮೆರಿಕನ್ ಅಂತಲೇ ಆ ಹತ್ತಿಗೆ ಹೆಸರು. ಅದನ್ನು ಹಡಗಿಗೆ ಸಾಗಿಸಲು ಕಾರವಾರದ ಬಂದರಿಗೆ ಒತ್ತಾಯ ಹಾಕಿದವರೂ ಮ್ಯಾಂಚೆಸ್ಟರಿನ ವ್ಯಾಪಾರಿಗಳೇ. ನಮ್ಮ ಅಜ್ಜನ ಅಜ್ಜಂದಿರು ಬಿಡಿಸಿದ ಹತ್ತಿ ಈ ಸೀಮೆಯಲ್ಲಿ ನೂಲಾಯಿತು. ಆ ನೂಲು ತೆಗೆದ ಸೀಮೆಯ ಹುಡುಗರು ಈ ಬೆಟ್ಟಕ್ಕಾಗಿ ಜೈಲಿಗೆ ಹೋದರು. ಮಿಲ್ಲಿನವರು ನಿಂತು ದುಡಿದಂಥ ನೆಲದ ಕಲ್ಲು ಈಗ ನನ್ನ ಕೆಳಗೆ.

"ಅವ್ವಗ ಏನ್ ಹೇಳೂಣು?" ತಮ್ಮ ಕೇಳಿದ.

"ಎಲ್ಲಾರ ಹೊಲ ಅಂತ ಹೇಳು" ಅಂದೆ.

ಮಿಕ್ಕ ದಾರಿ ಬಂದದ್ದೇ ದಾರಿ. ಹೇಫೀಲ್ಡಿನಿಂದ ಬಸ್, ಆಮೇಲೆ ಟ್ರೇನ್.

ನಾಲ್ಕನೇ ದಿನ, ಮಂಗಳವಾರ

ಸಂಜೆ ಮ್ಯಾಂಚೆಸ್ಟರಿಗೆ ವಾಪಸ್ ಹೋಗಬೇಕು. ಬ್ಯಾಗಿನಲ್ಲಿ ಏಳು ರೊಟ್ಟಿ ಉಳಿದಿದ್ದವು.

ಇವತ್ತು ಕಣಿವೆಯ ಎದುರು ಬದಿ. ಗ್ರೇಟ್ ರಿಜ್ ಅಂತ, ಮ್ಯಾಮ್ ಟೋರ್‌ನಿಂದ ಲೂಸ್ ಹಿಲ್ ತನಕ ಎತ್ತಿನ ಬೆನ್ನಿನ ಹಾಗೆ ಒಂದೇ ಸಾಲು. ಮೊದಲು ಊರಿನಿಂದ ಪೂರ್ವಕ್ಕೆ ಸ್ವಲ್ಪ ನಡೆದು ಈಡೇಲ್ ಮಿಲ್ ನೋಡಿದೆವು. 1790ರ ದಶಕದಲ್ಲಿ ಕಟ್ಟಿದ ಹತ್ತಿ ಮಿಲ್ಲು, ಈಗ ಜನ ವಾಸಿಸುವ ಮನೆಗಳು. ಇಲ್ಲಿಗೆ ಬೆಟ್ಟದಾಚೆಯ ಕ್ಯಾಸಲ್‌ಟನ್‌ನಿಂದ ಹೆಂಗಸರು ದಿನವೂ ಗುಡ್ಡ ಹತ್ತಿ ಇಳಿದು ಕೆಲಸಕ್ಕೆ ಬರುತ್ತಿದ್ದರು. ಅವರು ದಾಟುತ್ತಿದ್ದ ಜಾಗ ಹಾಲಿನ್ಸ್ ಕ್ರಾಸ್, ಸಾಲಿನಲ್ಲಿ ಎಲ್ಲಕ್ಕಿಂತ ತಗ್ಗಾದ ಕಡೆ. ಅದಕ್ಕೂ ಹಿಂದೆ, ಈಡೇಲ್‌ಗೆ ಸ್ವಂತ ಚರ್ಚ್ ಇಲ್ಲದ ಕಾಲದಲ್ಲಿ, ಸತ್ತವರನ್ನು ಹೊತ್ತುಕೊಂಡು ಇದೇ ದಾರಿಯಲ್ಲಿ ಕ್ಯಾಸಲ್‌ಟನ್‌ಗೆ ಒಯ್ಯುತ್ತಿದ್ದರು.

ಮಿಲ್ಲಿನಿಂದ ಹಾಲಿನ್ಸ್ ಕ್ರಾಸ್‌ಗೆ ನಮಗೆ ಐವತ್ತು ನಿಮಿಷ ಹಿಡಿಯಿತು. ಒಳ್ಳೆಯ ಶೂ, ಬೆಳಗಿನ ಬಿಸಿಲು, ಹೊಟ್ಟೆ ತುಂಬ ತಿಂಡಿ. ಡಿಸೆಂಬರಿನಲ್ಲಿ ಇಲ್ಲಿ ಎಂಟು ಗಂಟೆ ಆದರೂ ಸರಿಯಾಗಿ ಬೆಳಕಿರುವುದಿಲ್ಲ. ಕತ್ತಲಲ್ಲಿ, ಹಿಮದಲ್ಲಿ, ಉದ್ದ ಲಂಗ ಎತ್ತಿ ಹಿಡಿದು ಬಂದು, ದಿನವಿಡೀ ಮಷೀನಿನ ಮುಂದೆ ನಿಂತು, ಮತ್ತೆ ಕತ್ತಲಲ್ಲಿ ಹತ್ತಬೇಕು. ಈ ಹೆಂಗಸರಿಗೆ ಎಲ್ಲೂ ಫಲಕ ಕಾಣಲಿಲ್ಲ ನನಗೆ. ದಾರಿ ಮಾತ್ರ ಆಳವಾಗಿ ಸವೆದಿದೆ, ಎರಡೂ ಬದಿ ಮೊಣಕಾಲೆತ್ತರ ನೆಲ.

ಮ್ಯಾಮ್ ಟೋರ್ 517 ಮೀಟರ್. ತುದಿಯ ಸುತ್ತ ಹಳೇ ಕೋಟೆಯ ಮಣ್ಣಿನ ದಿಬ್ಬ ಕಾಣುತ್ತದೆ, ಸುಮಾರು ಮೂರು ಸಾವಿರ ವರ್ಷದ ಹಿಂದಿನದು. ಪೂರ್ವದ ಮೈ ಕುಸಿಯುತ್ತಲೇ ಇದೆ. ಕೆಳಗೆ ಹೋಗುತ್ತಿದ್ದ ಡಾಂಬರು ರಸ್ತೆ ರಿಪೇರಿ ಮಾಡಿ ಮಾಡಿ ಸಾಕಾಗಿ 1979ರಲ್ಲಿ ಬಿಟ್ಟೇಬಿಟ್ಟರು. ಮೇಲಿಂದ ನೋಡಿದರೆ ಮುರಿದ ಹಪ್ಪಳದ ಹಾಗೆ ಕಾಣುತ್ತದೆ. ಇಲ್ಲಿ ಜನ ಜಾಸ್ತಿ, ಬೇಗ ಹೊರಟೆವು.

ಬ್ಯಾಕ್ ಟೋರ್ ದಾಟಿ ಲೂಸ್ ಹಿಲ್ ತಲುಪಿದಾಗ ಎರಡು ಗಂಟೆ. ಎದುರಿಗೆ ಕಿಂಡರ್ ಉದ್ದಕ್ಕೆ ಮಲಗಿತ್ತು. ಭಾನುವಾರ ನಡೆದ ದಕ್ಷಿಣದ ಅಂಚು, ಅಲ್ಲಿಯ ಬಂಡೆಗಳು, ಕೆಳಗೆ ಇಳಿದ ದಾರಿ, ಎಲ್ಲ ಒಂದೇ ನೋಟಕ್ಕೆ. ಕೊನೆಯ ರೊಟ್ಟಿಗಳನ್ನು ಇಲ್ಲಿ ತಿಂದೆವು. ಬೆಲ್ಲದ ಡಬ್ಬಿ ಖಾಲಿ ಆಯಿತು.

ಇಳಿದು ಹೋಪ್ ಸ್ಟೇಷನ್ನಿನಲ್ಲಿ ಟ್ರೇನ್ ಹಿಡಿದೆವು. ಕಿಟಕಿ ಪಕ್ಕ ತಮ್ಮ ನನಗೇ ಬಿಟ್ಟ. ಈಡೇಲ್‌ನಲ್ಲಿ ಒಂದು ನಿಮಿಷ ನಿಂತಿತು. ದೊಡ್ಡ ಬ್ಯಾಗ್ ಹೊತ್ತ ಇಬ್ಬರು ಹುಡುಗಿಯರು ಇಳಿದು, ಪ್ಲಾಟ್‌ಫಾರ್ಮಿನ ಮೇಲೇ ಮ್ಯಾಪ್ ಬಿಚ್ಚಿದರು. ಟ್ರೇನ್ ಹೊರಟಿತು. ಅಪ್ಪರ್ ಬೂತ್‌ನ ಮನೆಗಳು, ಅದರಾಚೆ ಜೇಕಬ್ಸ್ ಲ್ಯಾಡರ್ ಇರುವ ಮೂಲೆ ಕಂಡಿತು. ಅಂಗಳದಲ್ಲಿ ಬಟ್ಟೆ ಇದೆಯಾ ಅಂತ ಹುಡುಕುತ್ತಿದ್ದೆ. ಅಷ್ಟರಲ್ಲಿ ಸುರಂಗ ಬಂತು.